ನಲವತ್ಮೂರು ಇಂಚಿನ ಸೀರು

ಉ

ಉತ್ತಮಪಾಳಯಂ
12 ಜನವರಿ 2025

ಅಮುದಾಳಿಗೆ ಅವಳ ಮಾಮ ಬರೆಯುವ ಕಾಗದ.

ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು. ಆದರೆ ಹರಿಯಬೇಕಾದರೂ ಕೈಗೆ ತೆಗೆದುಕೊಳ್ಳಬೇಕು, ಕೈಗೆ ತೆಗೆದುಕೊಂಡ ಮೇಲೆ ನೀನು ಓದದೆ ಬಿಡುವವಳಲ್ಲ. ಅದಕ್ಕೇ ಇದನ್ನು ದ್ರಾಕ್ಷಿ ಪೆಟ್ಟಿಗೆಯೊಳಗಿಟ್ಟು ದಿಂಡಿಗಲ್ ಬಸ್ಸಿಗೆ ಹಾಕಿದ್ದೇನೆ. ಹಣ್ಣು ನಿಮ್ಮಮ್ಮನಿಗೆ, ಕಾಗದ ನಿನಗೆ.

ನಿಮ್ಮಪ್ಪ ಹೋದ ಮೇಲೆ ನನ್ನ ತಂಗಿ ಜೆಯಲಕ್ಷ್ಮಿ ಮಿಲ್ಲಿನ ಆಫೀಸಿನಲ್ಲಿ ದುಡಿದು ದಿಂಡಿಗಲ್ಲಿನಲ್ಲಿ ಮನೆ ಕಟ್ಟಿಸಿದ್ದಾಳೆ. ಎರಡೇ ಕೋಣೆಯಾದರೂ ಸ್ವಂತದ್ದು. ಫೆಬ್ರವರಿ ಹತ್ತಕ್ಕೆ ಗೃಹಪ್ರವೇಶ. ತವರಿನ ಉಡುಗೊರೆಯ ಸೀರನ್ನು ತಟ್ಟೆ ತಟ್ಟೆಯಾಗಿ ಹೊರಿಸಿಕೊಂಡು, ಉರುಮಿ ಬಾರಿಸಿಕೊಂಡು ಬೀದಿಯಲ್ಲಿ ನಡೆದು ಬರಬೇಕಾದವನು ಅಣ್ಣನಾದ ನಾನು. “ಏನವ್ವ ತರ್ಲಿ?” ಎಂದು ಅವಳನ್ನು ಕೇಳಿದೆ. “ನಂಗೇನೂ ಬ್ಯಾಡಣ್ಣ, ಅಮುದಾನ ಕೇಳು” ಅಂದಳು. ನಿನ್ನನ್ನು ಕೇಳಿದೆ. ನೀನು ಕಳಿಸಿದ್ದು ಇಷ್ಟು: ಇಪ್ಪತ್ನಾಲ್ಕು ಇಂಚು, ನೂರ ಎಂಬತ್ತು ಹರ್ಟ್ಸ್, ಐಪಿಎಸ್. ಯಾವುದೋ ಗೊಬ್ಬರದ ಮೂಟೆಯ ಮೇಲಿನ ನಂಬರು ಅಂದುಕೊಂಡೆ. ನನ್ನ ಮಗ ಮನೋಜ್‌ಕುಮಾರ್ ಬಿದ್ದು ಬಿದ್ದು ನಕ್ಕು, ಅದು ಕಂಪ್ಯೂಟರಿನಲ್ಲಿ ಆಟ ಆಡುವವರ ಮಾನಿಟರ್ ಅಂದ.

ಕತ್ತೆ ವಯಸ್ಸಾಯಿತು ನಿನಗೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು ಗುಂಡು ಹಾರಿಸುವ ಆಟ ಆಡುತ್ತೀಯ. ಅದೂ ಹೋಗಲಿ. ಸೀರಿನ ತಟ್ಟೆಯಲ್ಲಿ ನಾನು ಏನಿಡಲಿ? ಕರೀ ಗಾಜು ಇಡಲಾ? ಬೀರು ಕೇಳು, ಫ್ರಿಜ್ ಕೇಳು, ಕೊಡುತ್ತೇನೆ. ಹಟ ಮಾಡುವುದೇ ಆದರೆ ಆ ಮಾನಿಟರ್ ಯಾಕೆ ಬೇಕು, ಯಾವ ತರಹದ್ದು ಬೇಕು ಎಂದು ಮನುಷ್ಯರ ಮಾತಿನಲ್ಲಿ ಬರೆ. ಹದಿನೆಂಟು ಸಾವಿರದವರೆಗೆ ಹೋಗುತ್ತೇನೆ.

ಇನ್ನೊಂದು ವಿಷಯ. ಅಪ್ಪನ ದ್ರಾಕ್ಷಿ ತೋಟ ಇನ್ನೂ ನನ್ನ ಮತ್ತು ನಿಮ್ಮಮ್ಮನ ಹೆಸರಿನಲ್ಲಿ ಜಂಟಿಯಾಗಿದೆ. ಗೃಹಪ್ರವೇಶ ಕಳೆದ ಮೇಲೆ ಅವಳು ಒಂದು ದಿನ ಇಲ್ಲಿನ ರಿಜಿಸ್ಟ್ರಾರ್ ಆಫೀಸಿಗೆ ಬಂದು, ತನ್ನ ಪಾಲು ನನಗೆ ಬಿಟ್ಟುಕೊಟ್ಟೆ ಎಂದು ಸಹಿ ಹಾಕಬೇಕು. ಸೀರು ಪಡೆದ ಹೆಣ್ಣು ಪಾಲು ಕೇಳುವುದು ನಮ್ಮಲ್ಲಿ ಇಲ್ಲ. ಅವಳಿಗೆ ಗೊತ್ತು, ಸುಮ್ಮನೆ ನೆನಪು ಮಾಡು.

ಇಂತಿ ನಿನ್ನ ಮಾಮ,
ಕಾಮರಾಜ್


ದಿಂಡಿಗಲ್
17 ಜನವರಿ 2025

ಮಾಮ ಅವರಿಗೆ,

ಕಾಗದದ ತಲೆಯ ಮೇಲೆ ಗಣಪತಿಯ ‘ಉ’, ಪಿಳ್ಳೆಯಾರ್ ಸುಳಿ, ಕೆಳಗೆಲ್ಲ ಬೈಗುಳ. ನಮ್ಮ ಕನ್ನಡವನ್ನು ನೀವು ತಮಿಳಕ್ಷರದಲ್ಲಿ ಬರೆದಿದ್ದೀರಿ, ಓದಲು ಪಾಡು ಪಟ್ಟೆ. ನಾನೂ ಹಾಗೇ ಬರೆಯುತ್ತಿದ್ದೇನೆ, ನೀವೂ ಪಾಡು ಪಡಿ.

ನಾನು ಮನೆಯಲ್ಲಿ ಸುಮ್ಮನೆ ಕೂತಿಲ್ಲ. ನಮ್ಮದು ಐದು ಹುಡುಗಿಯರ ತಂಡ. ಒಬ್ಬಳು ಕೊಡೈಕಾನಲ್‌ನಲ್ಲಿದ್ದಾಳೆ, ಮಿಕ್ಕವರು ಮಧುರೆಯಲ್ಲಿ. ಏಪ್ರಿಲ್ ಕೊನೆಗೆ ದೊಡ್ಡ ಪಂದ್ಯದ ಅರ್ಹತಾ ಸುತ್ತು. ಗೆದ್ದರೆ ಸಂಬಳ ಕೊಟ್ಟು ಆಡಿಸಿಕೊಳ್ಳುವವರಿದ್ದಾರೆ. ಅಮ್ಮ ನನಗೆ ಜೂನ್‌ವರೆಗೆ ಗಡುವು ಕೊಟ್ಟಿದ್ದಾಳೆ. ಆಗಲೂ ಏನೂ ಆಗದಿದ್ದರೆ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಸೇರಬೇಕು, ಆಟದ ಮಾತು ಎತ್ತಬಾರದು. ಒಪ್ಪಿದ್ದೇನೆ.

ಈಗ ನನ್ನ ಮುಂದಿರುವುದು ಅಮ್ಮನ ಆಫೀಸಿನವರು ಬೇಡವೆಂದು ತೆಗೆದುಹಾಕಿದ ಮಾನಿಟರ್. ಅದು ಅರವತ್ತು ಹರ್ಟ್ಸ್. ಅಂದರೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತದೆ. ಎದುರಾಳಿಗಳ ಪರದೆಯಲ್ಲಿ ಅದೇ ಹೊತ್ತಿಗೆ ಮೂರು ಪಟ್ಟು ಚಿತ್ರ ಬರುತ್ತದೆ. ಚಪ್ಪರದ ಕೆಳಗೆ ನಿಂತು ನೀವು ಗಿಳಿ ಓಡಿಸುತ್ತೀರಲ್ಲ, ಆಗಾಗ ಕಣ್ಣು ಮುಚ್ಚಿಕೊಂಡೇ ಓಡಿಸಿ ಎಂದರೆ ಹೇಗಿರುತ್ತದೆ? ನನ್ನ ಪಾಡು ಹಾಗಿದೆ. ಎದುರಾಳಿ ಗೋಡೆಯ ಮರೆಯಿಂದ ಬಂದದ್ದು ನನಗೆ ಕಾಣುವಷ್ಟರಲ್ಲಿ ನಾನು ಸತ್ತಿರುತ್ತೇನೆ.

ಇನ್ನು ಯಾವುದು ಎಂಬುದು. ದೊಡ್ಡದು ಬೇಡ. ನಾನು ಒಂದು ಮೊಳ ದೂರದಲ್ಲಿ ಕೂರುತ್ತೇನೆ, ಕತ್ತು ತಿರುಗಿಸದೆ ನಾಲ್ಕೂ ಮೂಲೆ ಕಾಣಬೇಕು. ಅದಕ್ಕೆ ಇಪ್ಪತ್ನಾಲ್ಕು ಇಂಚೇ ಸರಿ. ಅದೇ ದುಡ್ಡಿಗೆ ಇಪ್ಪತ್ತೇಳರದ್ದು, ಇನ್ನೂ ನುಣುಪಾದ ಚಿತ್ರದ್ದು ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೆ, ಆದರೆ ನನ್ನ ಕಂಪ್ಯೂಟರಿಗೆ ಅಷ್ಟು ಚುಕ್ಕೆಗಳನ್ನು ತುಂಬುವ ಕಸುವಿಲ್ಲ, ಆಟ ಕುಂಟುತ್ತದೆ. ಮೊದಲು ನಮ್ಮ ಹತ್ತಿರ ಇರುವ ಯಂತ್ರ ಏನನ್ನು ತಾಳುತ್ತದೆ ಎಂದು ನೋಡಬೇಕು, ಆಮೇಲೆ ಅಂಗಡಿಗೆ ಹೋಗಬೇಕು. ಐಪಿಎಸ್ ಎಂದರೆ ಪರದೆಯ ಜಾತಿ. ವಿಎ ಎಂದು ಇನ್ನೊಂದಿದೆ, ಈ ಬೆಲೆಗೆ ಬರುವವುಗಳಲ್ಲಿ ಕತ್ತಲ ಜಾಗದಲ್ಲಿ ಓಡುವುದೆಲ್ಲ ಮಸಿ ಎಳೆದ ಹಾಗಾಗುತ್ತದೆ. ಶತ್ರು ಕೂತಿರುವುದೇ ಕತ್ತಲಲ್ಲಿ. ಡಬ್ಬದ ಮೇಲೆ ಒಂದು ಮಿಲಿಸೆಕೆಂಡ್ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ, ಅದನ್ನು ನಂಬಬೇಡಿ. ಸ್ಟ್ಯಾಂಡು ಎತ್ತರ ತಗ್ಗು ಆಗುವಂತಿರಲಿ, ಇಲ್ಲದಿದ್ದರೆ ಪುಸ್ತಕ ಪೇರಿಸಿ ಅದರ ಮೇಲಿಡಬೇಕಾಗುತ್ತದೆ.

ಅಂಗಡಿಯವನು ಇದೇ ದುಡ್ಡಿಗೆ ಒಳ್ಳೆಯ ಟಿವಿ ಬರುತ್ತದೆ ಎನ್ನುತ್ತಾನೆ. ಅನ್ನಲಿ. ಟಿವಿ ಬೇಡ. ಅದು ಚಿತ್ರಕ್ಕೆ ಸಿಂಗಾರ ಮಾಡಿ ತೋರಿಸುತ್ತದೆ, ಅಷ್ಟರಲ್ಲಿ ನನ್ನ ಕಥೆ ಮುಗಿದಿರುತ್ತದೆ.

ತಂದು ಕೊಟ್ಟರೆ ಸಾಕು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. ಒಳಗೆ ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ನೂರ ಎಂಬತ್ತು ಎಂದು ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಡಬ್ಬದ ಮೇಲೆ ಏನೇ ಬರೆದಿರಲಿ ಅರವತ್ತರಲ್ಲೇ ಓಡುತ್ತದೆ. ಎಷ್ಟೋ ಜನ ಅದು ಗೊತ್ತಿಲ್ಲದೆ ವರ್ಷಗಟ್ಟಲೆ ಹಾಗೇ ಆಡಿರುತ್ತಾರೆ.

ಸಹಿಯ ವಿಷಯ ಅಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. “ಸರಿ” ಅಂದಳು, ಬಿಡಿಸುತ್ತಲೇ ಇದ್ದಳು.

ನಿಮ್ಮ
ಅಮುದಾ


ದಿಂಡಿಗಲ್
11 ಫೆಬ್ರವರಿ 2025

ಮಾಮ,

ಈ ಸಲ ನಾನೇ ಮೊದಲು ಬರೆಯುತ್ತಿದ್ದೇನೆ. ಫೋನು ಮಾಡಿದರೆ ಕೂಗಾಡುತ್ತೇನೆ, ಅಮ್ಮ ಪಕ್ಕದ ಕೋಣೆಯಲ್ಲಿದ್ದಾಳೆ.

ನಾನು ಎರಡು ಪುಟ ಬರೆದು ಕಳಿಸಿದ್ದೆ. ಟಿವಿ ಬೇಡ ಎಂದು ಬಿಡಿಸಿ ಬರೆದಿದ್ದೆ. ನಿನ್ನೆ ಬೀದಿಯ ತುದಿಯಲ್ಲಿ ಉರುಮಿ ಕೇಳಿಸಿತು, ಓಡಿ ಬಂದು ನೋಡಿದೆ. ಹಣ್ಣಿನ ತಟ್ಟೆ, ಸೀರೆಯ ತಟ್ಟೆ, ಎಲ್ಲದರ ಮುಂದೆ ಇಬ್ಬರು ಆಳುಗಳ ತಲೆಯ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಡಬ್ಬ. ನಲವತ್ಮೂರು ಇಂಚಿನ ಟಿವಿ. ಮೈಕಿನವನು ಕಾಮರಾಜ್ ಅವರ ಸೀರು ಎಂದು ಕೂಗಿದ್ದೇ ಕೂಗಿದ್ದು. ನೀವು ಮೀಸೆಯಡಿಯಲ್ಲಿ ನಗುತ್ತ ಹಿಂದೆ ನಡೆದು ಬರುತ್ತಿದ್ದಿರಿ.

ಎಲ್ಲರ ಮುಂದೆ ಹೇಳಬಾರದಿತ್ತು ಎನ್ನಬಹುದು ನೀವು. ಎಲ್ಲರ ಮುಂದೆ ತಂದವರು ಯಾರು? “ಮಾಮ, ನಾ ಕೇಳಿದ್ದು ಇದಲ್ಲ” ಅಂದೆ, ಅಷ್ಟೆ. “ಚಿಕ್ಕದು ಕೇಳ್ದೆ, ದೊಡ್ಡದು ತಂದಿವ್ನಿ. ಕಣ್ಣು ಕಾಣಲ್ವ ನಿಂಗೆ?” ಎಂದು ಗುಡುಗಿದಿರಿ. “ಕಾಣ್ತದೆ, ಅದ್ಕೇ ಹೇಳ್ತಾ ಇವ್ನಿ” ಅಂದೆ. ನೀವು ಎಲೆಯ ಮುಂದೆ ಕೂತವರು ಎದ್ದುಬಿಟ್ಟಿರಿ. ಅಮ್ಮ ಪಾಯಸದ ಸೌಟು ಹಿಡಿದುಕೊಂಡೇ ಬಾಗಿಲವರೆಗೆ ಓಡಿದಳು. “ಅಣ್ಣಾ, ಒಂದು ತುತ್ತು ತಿನ್ಕೊಂಡು ಹೋಗು. ಹೊಸಾ ಮನೆ ಕಣಣ್ಣಾ.” ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ಅವಳ ಮನೆಯ ಮೊದಲ ಊಟವನ್ನು ಅವಳ ಅಣ್ಣನೇ ಉಣ್ಣಲಿಲ್ಲ. ಅದಕ್ಕೆ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿಮ್ಮ ಮೇಲೆ ಅಲ್ಲ, ನನ್ನ ಮೇಲೆ ಕೋಪ.

ತೇನಿಯ ಅಂಗಡಿಯಲ್ಲಿ ಏನಾಯಿತು ಎಂದು ಮನೋಜ್ ಹೇಳಿದ. ನಾನು ಕೇಳಿದ ಮಾನಿಟರೇ ಅವನ ಕೈಯಲ್ಲಿತ್ತಂತೆ. ನೀವು ವಾಪಸ್ ಇಡಿಸಿದಿರಂತೆ.

ಡಬ್ಬ ಒಡೆದಿಲ್ಲ. ಮುಂದಿನ ಕೋಣೆಯನ್ನೆಲ್ಲ ಅದೇ ತಿಂದಿದೆ.

ಅಮುದಾ


ಉ

ಉತ್ತಮಪಾಳಯಂ
16 ಫೆಬ್ರವರಿ 2025

ಅಮುದಾಳಿಗೆ,

ಈ ಸಲ ಹಣ್ಣಿಲ್ಲ. ಬರೀ ಕಾಗದ, ಅಂಚೆಯಲ್ಲಿ.

ಹೌದು, ವಾಪಸ್ ಇಡಿಸಿದೆ. ನೀನು ಹೇಳಿದ ಅದೇ ಇಪ್ಪತ್ನಾಲ್ಕು ಇಂಚು, ಅದೇ ನೂರ ಎಂಬತ್ತು. ಮನೋಜ್ ಅದರ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಕಂಕುಳಲ್ಲಿ. ಸ್ಕೂಲಿಗೆ ಹೋಗುವ ಮಗು ಸ್ಲೇಟು ಇಟ್ಟುಕೊಂಡ ಹಾಗೆ. ಅದನ್ನು ತಲೆಯ ಮೇಲೆ ಹೊರಿಸಿ, ಮುಂದೆ ಉರುಮಿ ಬಾರಿಸಿಕೊಂಡು ನಾನು ದಿಂಡಿಗಲ್ಲಿನ ಬೀದಿಯಲ್ಲಿ ನಡೆಯಬೇಕಿತ್ತು, ಅಲ್ಲವಾ? ಚಿನ್ನಮನೂರಿನಿಂದ ಕಂಬಂವರೆಗಿನ ನೆಂಟರೆಲ್ಲ ವ್ಯಾನು ಮಾಡಿಕೊಂಡು ಬಂದಿದ್ದರು. ಅವರು ಏನೆನ್ನುತ್ತಿದ್ದರು ಗೊತ್ತಾ? ತೋಟವನ್ನೆಲ್ಲ ತಾನು ಇಟ್ಟುಕೊಂಡ, ತಂಗಿಗೆ ಸ್ಲೇಟು ಕೊಟ್ಟ ಎನ್ನುತ್ತಿದ್ದರು.

ಈಗಲೇ ಅನ್ನುತ್ತಾರೆ. ಟೀ ಅಂಗಡಿಗೆ ನಾನು ಹೋದರೆ ಮಾತು ನಿಲ್ಲುತ್ತದೆ. ಅಪ್ಪ ಸತ್ತ ಮೇಲೆ ಆ ತೋಟದ ಕಲ್ಲುಕಂಬ ನೆಟ್ಟವನು ನಾನು, ತಂತಿ ಎಳೆಸಿದವನು ನಾನು, ಬೋರು ಕೊರೆಸಿದವನು ನಾನು. ನಿಮ್ಮಮ್ಮ ಮದುವೆಯಾಗಿ ಹೋದಳು. ಸಹಿ ಆಗುವ ಮುಂಚೆ ಜನರ ಬಾಯಿ ಮುಚ್ಚಬೇಕಿತ್ತು. ಎಲ್ಲರೂ ನೋಡುವಂಥದ್ದು ಕೊಡಬೇಕಿತ್ತು, ಕೊಟ್ಟೆ. ಹೇಳಿದ ದುಡ್ಡಿಗಿಂತ ಹೆಚ್ಚೇ ಹಾಕಿ ಕೊಟ್ಟೆ.

ನೀನು ಅಷ್ಟು ಜನರ ನಡುವೆ ನನ್ನ ಮುಖಕ್ಕೆ ಮಸಿ ಬಳಿದೆ. ನನ್ನ ಸೋದರಸೊಸೆ, ನಾನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ ಕೂಸು, ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿತ್ತು. ಅನ್ನ ಗಂಟಲಲ್ಲಿ ಇಳಿಯುತ್ತಿತ್ತಾ? ನಾನು ಉಣ್ಣಲಿಲ್ಲ ಎಂದು ನಿನಗೆ ಸಿಟ್ಟು. ಮನೆಗೆ ಬಂದು ರಾತ್ರಿಯೂ ಉಣ್ಣಲಿಲ್ಲ, ಅದನ್ನು ಯಾರು ಬರೆದರು?

ಟಿವಿ ಬೇಡದಿದ್ದರೆ ಬಾವಿಗೆ ಹಾಕು. ಸಹಿಯ ದಿನ ನಾನು ಗೊತ್ತು ಮಾಡಿ ತಿಳಿಸುತ್ತೇನೆ.

ಕಾಮರಾಜ್


ದಿಂಡಿಗಲ್
20 ಫೆಬ್ರವರಿ 2025

ಮಾಮ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಮಾತು ಬಿಟ್ಟವಳು ಕೇಳಿಸಿಕೊಂಡಳು. ಮುಗಿದ ಮೇಲೆ ನಾನೇ ಕೇಳಿದೆ. “ಅಮ್ಮಾ, ಕಾನೂನು ಹೆಣ್ಣುಮಕ್ಳಿಗೂ ಪಾಲೈತೆ ಅಂತದೆ. ನಿಂಗೆ ಗೊತ್ತಿಲ್ವ?”

“ಗೊತ್ತು” ಅಂದಳು.

“ಮತ್ಯಾಕೆ ಸಹಿ ಹಾಕ್ತೀಯ?”

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಓದಿ. “ಪಾಲು ಕೇಳಿದ್ರೆ ಅಣ್ಣ ಬಾಗ್ಲು ಹಾಕ್ಕೊತಾನೆ. ನಂಗೆ ಅಪ್ಪ ಇಲ್ಲ, ನಿಮ್ಮಪ್ಪ ಇಲ್ಲ. ಒಬ್ಬ ಅಣ್ಣ ಅವ್ನೆ. ಹಬ್ಬಕ್ಕೆ ಬಾ ಅನ್ನೋಕೆ ಒಂದು ಮನೆ ಬೇಕಲ್ವ?”

ಹಾಗಾದರೆ ಆ ಡಬ್ಬದಲ್ಲಿರುವುದು ಟಿವಿ ಅಲ್ಲ. ತಂಗಿಯನ್ನು ಹಬ್ಬಕ್ಕೆ ಕರೆಯಲು ಅಣ್ಣ ಕೇಳುತ್ತಿರುವ ಬೆಲೆ. ನನಗೆ ಮೈಯೆಲ್ಲ ಉರಿಯುತ್ತಿದೆ. ನಾನು ಇಷ್ಟು ದಿನ ನೀವು ತಪ್ಪು ಸಾಮಾನು ತಂದಿರಿ ಎಂದು ಕಾದಾಡಿದೆ. ನೀವು ತಂದದ್ದು ನಿಮ್ಮ ಕೆಲಸಕ್ಕೆ ಸರಿಯಾದ ಸಾಮಾನೇ. ನನ್ನ ಕಣ್ಣಿಗೆ ತರಲಿಲ್ಲ, ಅಮ್ಮನ ಮನೆಗೂ ತರಲಿಲ್ಲ, ಟೀ ಅಂಗಡಿಯವರ ಬಾಯಿಗೆ ಅಳತೆ ತೆಗೆದುಕೊಂಡು ತಂದಿರಿ.

ಕಂಬ ನೆಟ್ಟವನು ನಾನು ಎನ್ನುತ್ತೀರಿ. ಮದುವೆಗೆ ಮುಂಚೆ ಆ ಬಳ್ಳಿಗಳಿಗೆ ಕತ್ತರಿ ಹಾಕುತ್ತಿದ್ದವಳು ಅಮ್ಮ. ಅವಳ ಬೆರಳಿನಲ್ಲಿ ಇನ್ನೂ ಗಾಯದ ಗುರುತಿದೆ, ನಿಮಗೂ ಗೊತ್ತು.

ನನಗೆ ನಿಮ್ಮಿಂದ ಯಾವ ಮಾನಿಟರೂ ಬೇಡ. ಅರವತ್ತರಲ್ಲೇ ಆಡುತ್ತೇನೆ, ಸೋತರೆ ಸೋಲುತ್ತೇನೆ.

ಅಮುದಾ


ಉ

ಉತ್ತಮಪಾಳಯಂ
18 ಮಾರ್ಚ್ 2025

ಅಮುದಾ,

ಒಂದು ತಿಂಗಳು ಯೋಚನೆ ಮಾಡಿದೆ. ಪೆಟ್ಟಿಗೆಯಲ್ಲಿ ಹಣ್ಣಿನ ಮೇಲೆ ಟಿವಿಯ ಬಿಲ್ ಇದೆ. ತೇನಿ ಅಂಗಡಿಯವನಿಗೆ ಹೇಳಿದ್ದೇನೆ, ಡಬ್ಬ ಒಡೆಯದಿದ್ದರೆ ತೆಗೆದುಕೊಂಡು ನಿನ್ನ ಚಿಕ್ಕದನ್ನು ಕೊಡುತ್ತಾನೆ. ಮೇಲೆ ಉಳಿದ ದುಡ್ಡನ್ನೂ ನೀನೇ ಇಟ್ಟುಕೋ. ನೀನು ಗೆದ್ದೆ.

ಏಪ್ರಿಲ್ ಏಳನೇ ತಾರೀಖು ಬೆಳಿಗ್ಗೆ ರಿಜಿಸ್ಟ್ರಾರ್ ಆಫೀಸು. ಅಮ್ಮನನ್ನು ಬಸ್ಸು ಹತ್ತಿಸು.

ಮಾಮ


ದಿಂಡಿಗಲ್
2 ಏಪ್ರಿಲ್ 2025

ಅಣ್ಣನಿಗೆ ಜೆಯಲಕ್ಷ್ಮಿ ಬರೆದದ್ದು.

ಇಷ್ಟು ದಿನ ನೀವಿಬ್ಬರೇ ಬರೆದುಕೊಂಡಿರಿ. ನನ್ನ ಮನೆ, ನನ್ನ ಸೀರು, ನನ್ನ ಸಹಿ. ಆದರೂ ನನಗೆ ಒಂದು ಕಾಗದ ಯಾರೂ ಬರೆಯಲಿಲ್ಲ. ಅವಳು ಓದಿ ಹೇಳಿದಳು, ನಾನು ಕೇಳಿಸಿಕೊಂಡೆ, ಅಷ್ಟೆ. ಅದಕ್ಕೂ ನನಗೆ ಕೋಪವಿದೆ, ಮೊದಲೇ ಹೇಳಿಬಿಡುತ್ತೇನೆ.

ನಿನ್ನ ಬಿಲ್ಲನ್ನು ಈ ಕಾಗದದ ಜೊತೆ ವಾಪಸ್ ಇಟ್ಟಿದ್ದೇನೆ. ಟಿವಿಯನ್ನು ಬದಲಿಸಲಿಲ್ಲ. ಡಬ್ಬ ಒಡೆಸಿ ಮುಂದಿನ ಕೋಣೆಯ ಗೋಡೆಗೆ ಹಾಕಿಸಿದೆ. ಚಿತ್ರ ಚೆನ್ನಾಗಿ ಬರುತ್ತದೆ. ಅಣ್ಣ ಕೊಟ್ಟ ಸೀರನ್ನು ಅಂಗಡಿಗೆ ಹಿಂದಿರುಗಿಸುವವಳು ನಾನಲ್ಲ. ಬೀದಿಯಲ್ಲಿ ಎಲ್ಲರೂ ನೋಡುವ ಹಾಗೆ ಕೊಟ್ಟೆ, ಎಲ್ಲರೂ ನೋಡುವ ಹಾಗೆ ಇಟ್ಟುಕೊಂಡಿದ್ದೇನೆ.

ಅಮುದಾಳ ಮಾನಿಟರನ್ನು ನಾನೇ ಕೊಡಿಸಿದೆ. ಇಲ್ಲೇ ದಿಂಡಿಗಲ್ಲಿನಲ್ಲಿ, ಕಂತಿನ ಮೇಲೆ. ಅವಳು ಅಂಗಡಿಯವನನ್ನು ಎಷ್ಟು ಗೋಳು ಹೊಯ್ದುಕೊಂಡಳು ಎಂದರೆ, ಅವನು ನನಗೆ ಸ್ಟೂಲು ಹಾಕಿ ಕೂರಿಸಿದ. ಅದನ್ನು ಹಚ್ಚಿ ಬೆಳ್ಳಗೆ ತೋರಿಸು, ಕರ್ರಗೆ ತೋರಿಸು, ಕೆಂಪು ತೋರಿಸು, ಸತ್ತ ಚುಕ್ಕೆ ಇದೆಯಾ ನೋಡಬೇಕು ಅಂದಳು. ದೊಡ್ಡದು ತೋರಿಸಿದ, ಬೇಡ ಅಂದಳು. ಬಾಗಿದ್ದು ತೋರಿಸಿದ, ಬೇಡ ಅಂದಳು. ತನಗೆ ಏನು ಬೇಕು ಎಂದು ಗೊತ್ತಿರುವವಳು ಅಂಗಡಿಯಲ್ಲಿ ಹೇಗೆ ನಿಲ್ಲುತ್ತಾಳೆ ಎಂದು ನಾನು ಆವತ್ತು ನೋಡಿದೆ. ಅಷ್ಟು ವಯಸ್ಸಿನಲ್ಲಿ ನನ್ನನ್ನು ಏನು ಬೇಕು ಎಂದು ಕೇಳಿದಾಗೆಲ್ಲ ನಾನು ಏನೂ ಬೇಡ ಅನ್ನುತ್ತಿದ್ದೆ. ಮೊನ್ನೆ ನೀನು ಕೇಳಿದಾಗಲೂ ಅದನ್ನೇ ಅಂದೆ.

ಮನೆಗೆ ತಂದು ಹಚ್ಚಿದೆವು. ಚಿತ್ರ ಬಂತು. ಚೆನ್ನಾಗಿದೆ ಅಂದೆ. “ಇರಮ್ಮ, ಇನ್ನೂ ಹಳೇ ಥರಾನೇ ಓಡ್ತೈತೆ” ಎಂದು ಅವಳು ಒಳಗೆಲ್ಲೋ ಹೋಗಿ ಏನೋ ಒತ್ತಿದಳು. ಮೌಸನ್ನು ನನ್ನ ಕೈಗೆ ಕೊಟ್ಟು ಈಗ ಆಡಿಸು ಅಂದಳು. ಅಣ್ಣಾ, ಬಾಣದ ಗುರುತು ನೀರಿನ ಮೇಲೆ ಹೋದ ಹಾಗೆ ಹೋಯಿತು. ಯಂತ್ರಕ್ಕೆ ಆ ಶಕ್ತಿ ಮೊದಲಿಂದ ಇದೆ, ದುಡ್ಡು ಕೊಟ್ಟಾಗಲೇ ಅದು ನಮ್ಮದಾಗಿದೆ, ಆದರೆ ನಾವಾಗಿ ಹೋಗಿ ಬದಲಿಸುವವರೆಗೆ ಅದು ಬಾಯಿ ಬಿಡುವುದಿಲ್ಲವಂತೆ. ನಾನು ಅಲ್ಲೇ ಅವಳ ಕುರ್ಚಿಯಲ್ಲಿ ಕೂತುಬಿಟ್ಟೆ. ಕಾನೂನು ನನಗೆ ಪಾಲು ಕೊಟ್ಟು ಎಷ್ಟು ವರ್ಷವಾಯಿತು? ಅಪ್ಪನ ತೋಟದ ಕಾಗದದಲ್ಲಿ ನನ್ನ ಹೆಸರಿದೆ. ನಾನೇ ಅರವತ್ತರಲ್ಲಿ ಓಡುತ್ತಿದ್ದೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಏಳನೇ ತಾರೀಖು ಬರುತ್ತೇನೆ. ಸಹಿ ಹಾಕುವುದಿಲ್ಲ.

ಮೇಲಿನ ಬೋರಿನ ಕಡೆಯ ಸಾಲುಗಳು ನಿನಗಿರಲಿ, ನೀನು ದುಡಿದಿದ್ದೀಯ. ಕಾಲುವೆಯ ಕಡೆಯದು ನನಗೆ. ಅಳೆಸಿ ಬೇರೆ ಮಾಡಿಸೋಣ. ನೋಡಿಕೊಳ್ಳಲು ನಿನ್ನನ್ನೇ ಕೇಳುತ್ತೇನೆ, ಕೂಲಿ ಕೊಟ್ಟು ಕೇಳುತ್ತೇನೆ. ಟೀ ಅಂಗಡಿಯವರು ಏನಾದರೂ ಅಂದರೆ, ತಂಗಿಗೆ ಪಾಲು ಕೊಟ್ಟೆ ಎಂದು ಹೇಳು. ಅವರ ಬಾಯಿ ಮುಚ್ಚಲು ಅದಕ್ಕಿಂತ ದೊಡ್ಡದು ತೇನಿಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನು ಬಸ್ಸಿನಲ್ಲಿ ದ್ರಾಕ್ಷಿ ಕಳಿಸಬೇಡ. ನನ್ನ ಸಾಲಿನದನ್ನು ನಾನೇ ಬಂದು ಕುಯ್ದುಕೊಳ್ಳುತ್ತೇನೆ.

ನೀನು ಬಾಗಿಲು ಹಾಕಿಕೊಳ್ಳುತ್ತೀಯೇನೋ ಎಂದು ಇಷ್ಟು ವರ್ಷ ಹೆದರಿದೆ. ಹಾಕಿಕೊಂಡರೂ ಬರುತ್ತೇನೆ. ತೋಟಕ್ಕೆ ಬಾಗಿಲಿಲ್ಲ. ಏಳನೇ ತಾರೀಖು ಮಧ್ಯಾಹ್ನ ನಿನ್ನ ಮನೆಯಲ್ಲೇ ನನ್ನ ಊಟ. ಎಷ್ಟು ಜಗಳವಾದರೂ ನಾನು ನಿನ್ನ ಹಾಗೆ ಎಲೆಯ ಮುಂದಿನಿಂದ ಎದ್ದು ಹೋಗುವವಳಲ್ಲ. ಎರಡು ಎಲೆ ಹಾಕಿಸು. ನೀನೂ ಉಣ್ಣಬೇಕು.

ನಿನ್ನ ತಂಗಿ,
ಜೆಯಲಕ್ಷ್ಮಿ